ಹಿತ್ತಲ ಮಡಿಗೂ ಬೇಕು ಏರಿ, ಕೋಡಿ

ಈ ಸಂಜೆ ಮನೆಗೆ ಹೋದ ಮೇಲೆ ಹಿತ್ತಲಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ದಂಟು, ಮೆಂತ್ಯ, ಬದನೆ ಏನಾದರೂ ಇರುವ ಒಂದು ಮಡಿಗೆ ಒಂದು ಕೊಡ ನೀರನ್ನು ನಿಧಾನವಾಗಿ ಹೊಯ್ದು, ಆ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಿಂತು ಗಮನಿಸಿ. ಮಡಿಯಲ್ಲೇ ಹರಡಿ ಇಂಗಿದರೆ ನಿಮ್ಮ ಕೈತೋಟ ಸರಿಯಾಗಿದೆ. ಒಂದು ಮೂಲೆಗೆ ಓಡಿ, ಅಲ್ಲಿಂದ ಅಂಚು ಒಡೆದು ಕಾಲುದಾರಿಗೆ ಇಳಿದರೆ, ನೀವು ನೀರುಣಿಸುತ್ತಿರುವುದು ಗಿಡಕ್ಕಲ್ಲ, ದಾರಿಯ ಗರಿಕೆಗೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಿತ್ತಲುಗಳಲ್ಲಿ ಈ ಎರಡನೆಯ ದೃಶ್ಯವೇ ಹೆಚ್ಚು. ಬೀಜ ಒಳ್ಳೆಯದಿರುತ್ತದೆ, ತಿಪ್ಪೆ ಗೊಬ್ಬರಕ್ಕೂ ಕೊರತೆ ಇರುವುದಿಲ್ಲ. ಆದರೆ ಮಡಿಯ ಸುತ್ತಲಿನ ಅಂಚನ್ನು ಮಾತ್ರ ಗುದ್ದಲಿಯಿಂದ ಎರಡು ಸಲ ಎಳೆದು ಬಿಟ್ಟಿರುತ್ತಾರೆ. ಪಟ್ಟಣದ ಉದ್ಯಾನಗಳಲ್ಲಿ ಸುಣ್ಣ ಹಚ್ಚಿದ ಇಟ್ಟಿಗೆಯನ್ನು ಓರೆಯಾಗಿ ನೆಟ್ಟದ್ದನ್ನು ನೋಡಿ, ಅಂಚು ಎಂದರೆ ಅಂದಕ್ಕೆ ಮಾಡುವ ಕೆಲಸ ಎಂದು ನಾವು ತಿಳಿದಿದ್ದೇವೆ. ನಮ್ಮಂಥ ಬಯಲುಸೀಮೆಯಲ್ಲಿ ಅದು ನೀರು ನಿಲ್ಲಿಸುವ ಕೆಲಸ.

ಕೊಡದ ಲೆಕ್ಕ

ಮಡಿ 10 ಅಡಿ ಉದ್ದ, 4 ಅಡಿ ಅಗಲ ಇದೆ ಎಂದಿಟ್ಟುಕೊಳ್ಳೋಣ. 40 ಚದರ ಅಡಿ ಆಯಿತು. ಇದರ ಮೇಲೆ ಒಂದು ಅಂಗುಲ ನೀರು ನಿಲ್ಲಬೇಕಾದರೆ ಸುಮಾರು 94 ಲೀಟರ್ ಬೇಕು. 15 ಲೀಟರ್ ಹಿಡಿಯುವ ಕೊಡದಲ್ಲಿ ಆರು ಕೊಡಕ್ಕಿಂತ ತುಸು ಹೆಚ್ಚು.

ಬೇಸಗೆಯ ಬಿಸಿಲಿಗೆ, ಗಾಳಿಗೆ ದಿನಕ್ಕೆ 5 ಮಿ.ಮೀ. ನೀರು ಆರಿ ಹೋಗುತ್ತದೆ ಎಂದು ಹಿಡಿದರೆ, ಈ ಒಂದು ಮಡಿಗೆ ದಿನಕ್ಕೆ ಸುಮಾರು 18 ಲೀಟರ್ ಬೇಕು. ಐದು ಮಡಿ ಇರುವ ಮನೆಗೆ 90 ಲೀಟರ್, ಅಂದರೆ ಆರು ಕೊಡ. ಅಂಚು ಸರಿಯಿಲ್ಲದೆ ಹೊಯ್ದ ನೀರಿನಲ್ಲಿ ಮೂರರಲ್ಲೊಂದು ಪಾಲು ಹೊರಗೆ ಹರಿದರೆ, ಆರು ಕೊಡದ ಕೆಲಸಕ್ಕೆ ಒಂಬತ್ತು ಕೊಡ ಹೊರಬೇಕಾಗುತ್ತದೆ. ದಿನಕ್ಕೆ ಮೂರು ಕೊಡ ಹೆಚ್ಚು. ತಿಂಗಳಿಗೆ 90 ಕೊಡ. ಇದನ್ನು ಹೊರುವವರು ಯಾರು? ಹೆಚ್ಚಿನ ಮನೆಗಳಲ್ಲಿ ತಾಯಿ, ಹೆಂಡತಿ, ಸೊಸೆ. ಏಪ್ರಿಲ್ ತಿಂಗಳಲ್ಲಿ ಹಿತ್ತಲ ತರಕಾರಿ ಒಣಗಿದರೆ “ನೀರು ಸಾಲಲಿಲ್ಲ” ಎನ್ನುತ್ತೇವೆ. ಎಷ್ಟೋ ಕಡೆ ನೀರು ಸಾಕಷ್ಟಿತ್ತು, ನಿಲ್ಲಲಿಲ್ಲ, ಅಷ್ಟೆ. ಮನೆಗೆ ನಲ್ಲಿ ಬಂದಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ನಲ್ಲಿಯಲ್ಲಿ ನೀರು ಬರುವುದೂ ಹೊತ್ತು ನೋಡಿಯೇ.

ಇನ್ನು ಮಳೆಯ ಲೆಕ್ಕ. ನಮ್ಮ ಜಿಲ್ಲೆಯ ವರ್ಷದ ವಾಡಿಕೆ ಮಳೆ 600 ಮಿ.ಮೀ. ಆಸುಪಾಸು. ಹಿರಿಯೂರಿಗೆ ಅದಕ್ಕಿಂತ ಕಡಿಮೆ, ಹೊಳಲ್ಕೆರೆಗೆ ತುಸು ಹೆಚ್ಚು. 600 ಮಿ.ಮೀ. ಮಳೆಯೆಂದರೆ ನಿಮ್ಮ ಆ ಒಂದು ಮಡಿಯ ಮೇಲೆಯೇ ವರ್ಷಕ್ಕೆ ಸುಮಾರು 2,200 ಲೀಟರ್ ನೀರು ಬೀಳುತ್ತದೆ. ಹೆಚ್ಚುಕಡಿಮೆ 150 ಕೊಡ! ಯಾರೂ ಹೊರದೆ ಮುಗಿಲಿನಿಂದ ಬರುವ ಈ ನೀರನ್ನು ಹಿಡಿದಿಡಲು ಬೇಕಾದದ್ದು ಅರ್ಧ ಅಡಿ ಎತ್ತರದ ಮಣ್ಣಿನ ಅಂಚು. ಹನಿ ನೀರಾವರಿ ಮಾಡಿಕೊಂಡವರಿಗೂ ಅಂಚು ಬೇಕೆನ್ನುವುದು ಇದೇ ಕಾರಣಕ್ಕೆ.

ಕೆರೆಯಿಂದ ಕಲಿಯಬೇಕಾದದ್ದು

ಅಂಚು ಕಟ್ಟುವ ವಿದ್ಯೆಯನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ದುರ್ಗದ ಕೋಟೆಗೆ ಹೋದವರು ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡಗಳನ್ನು ನೋಡಿರುತ್ತೀರಿ. ಬೆಟ್ಟದ ಮೇಲೆ ಬಿದ್ದ ಮಳೆನೀರು ಮೇಲಿನ ಹೊಂಡವನ್ನು ತುಂಬಿ, ಹೆಚ್ಚಾದದ್ದು ಕೆಳಗಿನ ಹೊಂಡಕ್ಕೆ ಇಳಿದು, ಕೊನೆಗೆ ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡಗಳನ್ನು ತಲುಪುವಂತೆ ನಾಯಕರ ಕಾಲದವರು ಏರ್ಪಾಟು ಮಾಡಿದ್ದರು. ಮೇಲಿನದು ತುಂಬದೆ ಕೆಳಗಿನದಕ್ಕೆ ನೀರಿಲ್ಲ. ತುಂಬಿದ ಮೇಲೆ ಒಂದು ಹನಿಯೂ ದಂಡವಿಲ್ಲ.

ವೇದಾವತಿ ನದಿಗೆ ಕಟ್ಟಿದ ನಮ್ಮ ಮಾರಿಕಣಿವೆಯನ್ನೇ ನೋಡಿ. ವಾಣಿವಿಲಾಸ ಸಾಗರದ ಕೆಲಸ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದದ್ದನ್ನು ಕಂಡವರ ಮಾತನ್ನು ಮೊಮ್ಮಕ್ಕಳು ಕೇಳಿಕೊಂಡು ಬೆಳೆದರು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ಆಮೇಲೆ 2025ರಲ್ಲೂ ಬಿತ್ತು. 89 ವರ್ಷ ನೀರು ಕಾಣದ ಆ ಕೋಡಿಯನ್ನು “ಇದೇಕೆ ಬೇಕು” ಎಂದು ಯಾರೂ ಮುಚ್ಚಲಿಲ್ಲ. ಮುಚ್ಚಿದ್ದರೆ ಆ ದಿನ ಏನಾಗುತ್ತಿತ್ತು ಎಂಬುದನ್ನು ನೀವೇ ಊಹಿಸಿ.

ಹಿತ್ತಲ ಮಡಿಯೂ ಒಂದು ಪುಟ್ಟ ಕೆರೆಯೇ. ಅದರ ಅಂಚೇ ಏರಿ. ಏರಿ ಗಟ್ಟಿಯಿರಬೇಕು, ನಾಲ್ಕು ಕಡೆಯೂ ಒಂದೇ ಮಟ್ಟದಲ್ಲಿರಬೇಕು, ಹೆಚ್ಚಾದ ನೀರು ಹೋಗಲು ಒಂದು ಕೋಡಿ ಇರಬೇಕು. ಈ ಮೂರರಲ್ಲಿ ನಾವು ಹೆಚ್ಚಾಗಿ ಮರೆಯುವುದು ಕೋಡಿಯನ್ನು. ಈ ಲೇಖಕನೂ ಒಂದು ವರ್ಷ ಬಲವಾದ ಬದು ಕಟ್ಟಿ, ಕೋಡಿ ಬಿಡದೆ, ಬದನೆ ಸಸಿ ನೆಟ್ಟು ನಿಶ್ಚಿಂತೆಯಿಂದಿದ್ದವನೇ. ಹಸ್ತ ಮಳೆ ಒಂದು ರಾತ್ರಿ ಸುರಿಯಿತು. ಬೆಳಿಗ್ಗೆ ನೋಡಿದರೆ ಮೇಲಿನ ಮಡಿಯ ಬದು ನಡುವಿನಲ್ಲಿ ಒಡೆದು, ಆ ನೀರು ಕೆಳಗಿನ ಎರಡು ಮಡಿಗಳ ಸಸಿ ಮತ್ತು ಗೊಬ್ಬರವನ್ನು ಬೇಲಿಯ ಬುಡಕ್ಕೆ ಒಯ್ದು ಹಾಕಿತ್ತು. ಒಂದು ಗೇಣು ಅಗಲದ ಕೋಡಿ ಬಿಟ್ಟಿದ್ದರೆ ಆ ಮೂರೂ ಮಡಿ ಉಳಿಯುತ್ತಿದ್ದವು.

ತಗ್ಗು ಮಡಿಯೋ, ಏರು ಮಡಿಯೋ?

ಮೊದಲು ನಿಮ್ಮ ಹಿತ್ತಲ ಮಣ್ಣು ಯಾವುದು ಎಂಬುದನ್ನು ನೋಡಿ.

ಹೊಸದುರ್ಗ, ಹೊಳಲ್ಕೆರೆ ಹಾಗೂ ಚಿತ್ರದುರ್ಗ ತಾಲ್ಲೂಕಿನ ಬಹಳಷ್ಟು ಕಡೆ ಕೆಂಪು ಮಣ್ಣು, ಗರಸು ಬೆರೆತ ನೆಲ. ಇಲ್ಲಿ ನೀರು ಬೇಗ ಬಸಿಯುತ್ತದೆ, ನೆಲ ಬೇಗ ಒಣಗುತ್ತದೆ. ಆದ್ದರಿಂದ ನೆಲಕ್ಕಿಂತ ಮೂರು ನಾಲ್ಕು ಅಂಗುಲ ತಗ್ಗಾದ ಮಡಿ, ಅದರ ಸುತ್ತ ಬದು: ಇದು ಒಳ್ಳೆಯದು. ಮುಂಗಾರಿನಿಂದ ಬೇಸಗೆಯವರೆಗೂ ಇದೇ ಮಡಿ ನಡೆಯುತ್ತದೆ.

ಹಿರಿಯೂರು ಕಡೆಯ ಎರೆ ನೆಲದ ರೀತಿ ಬೇರೆ. ಅದು ನೀರನ್ನು ಬಹಳ ಹೊತ್ತು ಹಿಡಿದುಕೊಳ್ಳುತ್ತದೆ. ಬೇಸಗೆಗೆ ತಗ್ಗು ಮಡಿ ಸರಿ. ಆದರೆ ಉತ್ತರೆ, ಹಸ್ತ, ಚಿತ್ತಾ ಮಳೆಗಳ ಹೊತ್ತಿಗೆ ತಗ್ಗಿನಲ್ಲಿ ನೀರು ನಿಂತು ಮೆಣಸಿನ ಗಿಡದ ಬೇರು ಕೊಳೆಯುತ್ತದೆ, ಟೊಮೇಟೊ ಸೊರಗುತ್ತದೆ. ಆದ್ದರಿಂದ ಎರೆ ನೆಲದವರು ಮಳೆಗಾಲಕ್ಕೆ ಅರ್ಧ ಅಡಿ ಎತ್ತರದ ಏರು ಮಡಿ ಮಾಡಿ, ಮಡಿಗಳ ನಡುವಿನ ದಾರಿಯನ್ನೇ ಬಸಿಗಾಲುವೆಯಾಗಿ ಬಿಡುವುದು ಲೇಸು. ಅಂಥ ಮಡಿಗೆ ಅಂಚು ಬೇಕಾಗುವುದು ನೀರು ನಿಲ್ಲಿಸಲಿಕ್ಕಲ್ಲ, ಮಣ್ಣು ಜರಿಯದಂತೆ ತಡೆಯಲಿಕ್ಕೆ. ಸಸಿ ಮಡಿಗಳನ್ನಂತೂ ಯಾವ ಮಣ್ಣಿನಲ್ಲಾದರೂ ಮಳೆಗಾಲದಲ್ಲಿ ಏರು ಮಡಿಯಾಗಿಯೇ ಮಾಡಬೇಕು. ಈರುಳ್ಳಿ ಸಸಿ ಬೆಳೆಸಿ ಗೊತ್ತಿರುವ ನಿಮಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಕಟ್ಟುವ ಕ್ರಮ

ಹಗ್ಗ, ನಾಲ್ಕು ಗೂಟ, ಗುದ್ದಲಿ, ಸಲಿಕೆ, ಮಣ್ಣು ಹೊರಲು ಬಾಣಲಿ ಇದ್ದರೆ ಸಾಕು.

1. ಮಡಿಯ ಅಗಲ 4 ಅಡಿ ಮೀರಬಾರದು. ಎರಡೂ ಕಡೆಯಿಂದ ಕೈ ಚಾಚಿದರೆ ನಡುವಿನ ಕಳೆ ಸಿಗಬೇಕು. ಮಡಿಯೊಳಗೆ ಕಾಲಿಡುವ ಪ್ರಸಂಗವೇ ಬರಬಾರದು. ಎರಡು ಮಡಿಗಳ ನಡುವೆ ಒಂದೂವರೆ ಅಡಿ ದಾರಿ ಇರಲಿ. ಇಳಿಜಾರು ಇದ್ದರೆ ಮಡಿಯ ಉದ್ದ ಇಳಿಜಾರಿಗೆ ಅಡ್ಡವಾಗಿ ಬರಬೇಕು.

2. ಬದು ಕೂರುವ ಜಾಗದ ಗರಿಕೆ, ಜೇಕು, ಒಣಹುಲ್ಲನ್ನು ಬೇರುಸಹಿತ ತೆಗೆದುಹಾಕಿ. ಹುಲ್ಲಿನ ಮೇಲೆ ಮಣ್ಣು ಹಾಕಿದರೆ ಹುಲ್ಲು ಕೊಳೆತು ಆ ಸಂದಿಯಲ್ಲೇ ನೀರು ಸೋರುತ್ತದೆ. ಕೆರೆ ಏರಿ ಕಟ್ಟುವವರೂ ಮೊದಲು ಮಾಡುವುದು ಈ ಕೆಲಸವನ್ನೇ.

3. ಮಡಿಯ ಮೇಲ್ಮಣ್ಣನ್ನು ತೆಗೆದು ಪಕ್ಕದಲ್ಲಿ ರಾಶಿ ಹಾಕಿ. ಅದು ಗಿಡಕ್ಕೆ ಬೇಕಾದ ಮಣ್ಣು. ಬದುವಿಗೆ ಬಳಸಿ ಹಾಳು ಮಾಡಬಾರದು. ಅದರ ಕೆಳಗಿನ ಮಣ್ಣನ್ನು ಸುಮಾರು ನಾಲ್ಕು ಅಂಗುಲ ತೆಗೆದರೆ ಸುತ್ತಲಿನ ಬದುವಿಗೆ ಸಾಕಾಗುತ್ತದೆ. ಹೊರಗಿನಿಂದ ಮಣ್ಣು ತರಬೇಕಾಗಿಲ್ಲ.

4. ಬದುವಿನ ಬುಡ ಒಂದು ಅಡಿ ಅಗಲ, ಎತ್ತರ ಅರ್ಧ ಅಡಿ, ನೆತ್ತಿ ಅರ್ಧ ಅಡಿ ಅಗಲ ಇರಲಿ. ಮಣ್ಣನ್ನು ಒಮ್ಮೆಗೇ ಸುರಿಯದೆ, ಎರಡು ಮೂರು ಅಂಗುಲ ಹಾಕಿ, ನೀರು ಚಿಮುಕಿಸಿ, ಸಲಿಕೆಯ ಬೆನ್ನಿನಿಂದ ಬಡಿದು, ಮತ್ತೆ ಹಾಕಬೇಕು. ಒಣ ಮಣ್ಣನ್ನು ಎಷ್ಟು ಬಡಿದರೂ ಕೂಡಿಕೊಳ್ಳುವುದಿಲ್ಲ; ಕೆಸರಾದರೆ ಬಡಿಯಲಾಗುವುದಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವ ಹದ ಬೇಕು.

5. ಮಟ್ಟ ನೋಡಿ. ಗಾರೆಯವರು ಬಳಸುವ ಮಟ್ಟದ ಪೈಪಿಗೆ ನೀರು ತುಂಬಿ ನಾಲ್ಕು ಮೂಲೆಗೂ ಹಿಡಿದರೆ ತಗ್ಗು-ದಿಣ್ಣೆ ತಿಳಿಯುತ್ತದೆ. ಬದುವಿನಷ್ಟೇ ಮಡಿಯ ಒಳನೆಲವೂ ಮಟ್ಟವಾಗಿರಬೇಕು. ಇಲ್ಲವಾದರೆ ಒಂದು ತುದಿಯ ಗಿಡ ಮುಳುಗಿ ಇನ್ನೊಂದು ತುದಿಯದು ಒಣಗುತ್ತದೆ.

6. ಕೋಡಿ ಬಿಡಿ. ಇಳಿಜಾರಿನ ಕಡೆಯ ಬದುವಿನಲ್ಲಿ ಒಂದು ಗೇಣು ಅಗಲ, ನೆತ್ತಿಗಿಂತ ಎರಡು ಅಂಗುಲ ತಗ್ಗು. ಅದರ ತಳಕ್ಕೆ ಮತ್ತು ನೀರು ಬೀಳುವ ಜಾಗಕ್ಕೆ ಚಪ್ಪಟೆ ಕಲ್ಲು ಹಾಸಿ. ಮೇಲಿನ ಮಡಿಯ ಕೋಡಿ ಕೆಳಗಿನ ಮಡಿಗೆ ಬೀಳಲಿ. ಕೊನೆಯ ಮಡಿಯದು ತೆಂಗಿನ ಅಥವಾ ಬಾಳೆಯ ಬುಡಕ್ಕೆ. ಹೊಂಡದಿಂದ ಹೊಂಡಕ್ಕೆ ನೀರು ಇಳಿಯುವ ಕೋಟೆಯ ಕ್ರಮವೇ ಇದು.

7. ಕೊನೆಗೆ ತೆಗೆದಿಟ್ಟ ಮೇಲ್ಮಣ್ಣಿಗೆ ಎರಡು ಮೂರು ಬಾಣಲಿ ಹಳೆಯ ಕೊಟ್ಟಿಗೆ ಗೊಬ್ಬರ ಬೆರೆಸಿ ಮಡಿಗೆ ಹರಡಿ. ಕೆರೆ ಗೋಡು ಸಿಕ್ಕರೆ ಕೆಂಪು ಮಣ್ಣಿನವರು ಒಂದಿಷ್ಟು ಬೆರೆಸಬಹುದು.

ಇಷ್ಟಾದ ಮೇಲೆ ಮೊದಲ ಬಾರಿ ನೀರು ಬಿಡುವಾಗ ಹತ್ತಿರವೇ ನಿಲ್ಲಿ. ಹೊಸ ಬದು ಎಲ್ಲಿ ಸೋರುತ್ತದೆಯೋ ಅಲ್ಲಿ ಆಗಲೇ ಮಣ್ಣು ಒತ್ತಬೇಕು. ಮುಂದೆ ಬದುವಿನ ಮೇಲೆ ಯಾರೂ ಕಾಲಿಡದಂತೆ ಮನೆಮಂದಿಗೆಲ್ಲ ಹೇಳಿ. ದಾಟಲೇಬೇಕಾದ ಕಡೆ ಒಂದು ಚಪ್ಪಡಿ ಇಟ್ಟುಬಿಡಿ. ಕೋಳಿ ಇರುವ ಮನೆಯವರು ಬದು ಗಟ್ಟಿಯಾಗುವವರೆಗೆ ಮುಳ್ಳು ಹೊದಿಸುವುದು ಒಳ್ಳೆಯದು.

ಅಂಚಿಗೆ ಹೊದಿಕೆ

ಬರಿಯ ಮಣ್ಣಿನ ಬದು ಎರಡು ದೊಡ್ಡ ಮಳೆಗೆ ಸವೆಯುತ್ತದೆ. ಅದಕ್ಕೊಂದು ಹೊದಿಕೆ ಬೇಕು. ಇದಕ್ಕಾಗಿ ದುಡ್ಡು ಕೊಟ್ಟು ಏನನ್ನೂ ತರಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಬಿಟ್ಟಿಯಾಗಿ ಬಿದ್ದಿರುವುದನ್ನೇ ನೋಡಿ.

ಚಿತ್ರದುರ್ಗದ ಕಡೆ ಕಲ್ಲಿಗೆ ಬರವಿಲ್ಲ. ಹೊಲ ಆಯುವಾಗ ಸಿಕ್ಕ ಚಪ್ಪಟೆ ಕಲ್ಲುಗಳನ್ನು ಬದುವಿನ ಹೊರಮೈಗೆ ನಿಲ್ಲಿಸಿ, ಮೂರರಲ್ಲೊಂದು ಪಾಲು ನೆಲದೊಳಗೆ ಹೂಳಬೇಕು. ದುಂಡಗಿನ ಬೆಣಚುಕಲ್ಲು ಒಂದರ ಮೇಲೊಂದು ಕೂರುವುದಿಲ್ಲ. ಅದು ಕೋಡಿಯ ಕೆಳಗೆ ಹಾಸಲು ಸರಿ. ಕಲ್ಲಿಗೊಂದು ದೋಷವಿದೆ. ಏಪ್ರಿಲ್ ಬಿಸಿಲಿಗೆ ಕಾದು ಪಕ್ಕದ ಮಣ್ಣನ್ನು ಒಣಗಿಸುತ್ತದೆ. ಆದ್ದರಿಂದ ಕಲ್ಲಿನಂಚಿನ ಒಳಬದಿಗೆ ತರಗು, ಒಣಹುಲ್ಲು ಮುಚ್ಚಬೇಕು.

ಹೊಸದುರ್ಗ, ಹಿರಿಯೂರಿನ ತೆಂಗಿನ ತೋಟದವರಿಗೆ ತೆಂಗಿನ ಸಿಪ್ಪೆ ಇದೆ. ಒಂದು ಮಳೆಗಾಲ ನೆನೆದು ಹಳತಾದ ಸಿಪ್ಪೆಯನ್ನು ಬದುವಿನ ಒಳಮೈಗೆ ಒತ್ತಾಗಿ ಜೋಡಿಸಿ ಅರ್ಧ ಹೂಳಿದರೆ, ನೀರು ಹೀರಿಕೊಂಡು ಅಂಚನ್ನು ತಂಪಾಗಿಡುತ್ತದೆ. ಕೆಂಪು ಮಣ್ಣಿನಲ್ಲಿ ಗೆದ್ದಲು ಹಿಡಿಯುವುದು ಖಂಡಿತ. ಆದ್ದರಿಂದ ಇದನ್ನು ಎರಡು ವರ್ಷದ ಕೆಲಸ ಎಂದೇ ತಿಳಿಯಿರಿ. ಕೊಳೆತದ್ದನ್ನು ಮಡಿಗೇ ಬೆರೆಸಿ, ಹೊಸದನ್ನು ಇಡಿ.

ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಇದೆ. ಬಿದ್ದ ಅಡಿಕೆ ಮರವನ್ನು ಸೀಳಿದ ದಬ್ಬೆಯನ್ನು ಅಡ್ಡಲಾಗಿ ಇಟ್ಟು ಎರಡು ಮೂರು ಅಡಿಗೊಂದು ಗೂಟ ಹೊಡೆದರೆ, ಏರು ಮಡಿಗೆ ಅದಕ್ಕಿಂತ ಒಳ್ಳೆಯ ಅಂಚಿಲ್ಲ. ಅಡಿಕೆ ಹಾಳೆಯನ್ನು ಬದುವಿನ ಮೇಲೆ ಹೊದಿಸಿ ಕಲ್ಲು ಹೇರಿದರೆ ಮಳೆಹನಿಯ ಪೆಟ್ಟು ತಪ್ಪುತ್ತದೆ. ಸುಲಿದ ಅಡಿಕೆ ಸಿಪ್ಪೆ ಬೇಗ ಕೊಳೆಯದು. ಕಾಲುದಾರಿಗೆ ಹಾಸಿದರೆ ಕಳೆಯೂ ಕಡಿಮೆ, ಕೆಸರೂ ಕಡಿಮೆ. ಮನೆ ಬಿಚ್ಚಿದಾಗ ಉಳಿದ ಒಡೆದ ಹೆಂಚುಗಳೂ ಅಂಚಿಗೆ ಬರುತ್ತವೆ.

ಬೇಡವಾದದ್ದು ಎರಡು. ಒಂದು, ಎರೆ ನೆಲದಲ್ಲಿ ಸಿಮೆಂಟು ಗಾರೆಯ ಅಂಚು. ಎರೆ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಅದರೊಂದಿಗೆ ತೆಳ್ಳಗಿನ ಗಾರೆಯೂ ಸೀಳುತ್ತದೆ. ಹಾಕಿದ ಹಣ ನಷ್ಟ. ಅಲ್ಲಿ ಮಣ್ಣಿನ ಬದುವೇ ಸರಿ, ಆದರೆ ಬಿರುಕು ಬಿಡದಂತೆ ಬೇಸಗೆಯಲ್ಲಿ ಮುಚ್ಚಿಡಬೇಕು. ಬದುವಿನ ಮೇಲ್ಮೈಗೆ ಗರಸು ಬೆರೆತ ಕೆಂಪು ಮಣ್ಣು ಎರಡು ಅಂಗುಲ ಹೊದಿಸಿದರೆ ಇನ್ನೂ ಉತ್ತಮ. ಎರಡು, ಹಳೆಯ ಆಸ್‌ಬೆಸ್ಟಾಸ್ ಶೀಟಿನ ತುಂಡುಗಳು. ಚಾವಣಿಯಿಂದ ಇಳಿಸಿದ ಇವನ್ನು ಮುರಿದು ಅಂಚಿಗೆ ನೆಡುವ ರೂಢಿ ಕೆಲವೆಡೆ ಇದೆ. ಅದರ ದೂಳು ಶ್ವಾಸಕೋಶಕ್ಕೆ ಬಹಳ ಕೆಡುಕು. ಅದನ್ನು ಒಡೆಯಲೂಬೇಡಿ, ಮಡಿಯ ಹತ್ತಿರ ತರಲೂಬೇಡಿ. ಹಾಗೆಯೇ ಕೀಟನಾಶಕದ ಖಾಲಿ ಡಬ್ಬಗಳೂ ತರಕಾರಿ ಮಡಿಯ ಬಳಿ ಸುಳಿಯಬಾರದು.

ಬದುವಿನ ನೆತ್ತಿಯ ಬಿಳಿ ಪುಡಿ

ಕೊಳವೆ ಬಾವಿಯ ನೀರು ಹಾಯಿಸುವವರು ಒಂದು ಸಂಗತಿ ಗಮನಿಸಿರಬಹುದು. ಬೇಸಗೆಯಲ್ಲಿ ಬದುವಿನ ನೆತ್ತಿ ಬೆಳ್ಳಗಾಗುತ್ತದೆ. ಅದು ಉಪ್ಪು. ಮಡಿಯ ನೀರು ಬದುವಿನೊಳಗೆ ಏರಿ, ನೆತ್ತಿಯಲ್ಲಿ ಆರುತ್ತದೆ. ನೀರು ಹೋಗಿ ಉಪ್ಪು ಅಲ್ಲೇ ಉಳಿಯುತ್ತದೆ. ಇಂಥ ಬದುವಿನ ನೆತ್ತಿಯಲ್ಲಿ ಬೀಜ ಹಾಕಿದರೆ ಮೊಳಕೆಯೇ ಸುಟ್ಟುಹೋಗುತ್ತದೆ. ಬೀಜ ಕೆಟ್ಟದ್ದೆಂದು ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ.

ನೀರು ಸವುಳಾಗಿದ್ದರೆ ನೆತ್ತಿಯಲ್ಲಿ ನೆಡದೆ, ಬದುವಿನ ಒಳ ಇಳಿಜಾರಿನ ನಡುಭಾಗದಲ್ಲಿ ನೆಡಿ. ಉಪ್ಪು ಅಲ್ಲಿಂದ ಮೇಲಕ್ಕೆ ಸರಿದಿರುತ್ತದೆ. ಬೆಳ್ಳಗಾದ ಮಣ್ಣನ್ನು ಕೆರೆದು ಹಿತ್ತಲಿನಿಂದ ಹೊರಗೆ ಹಾಕಿ, ಮಡಿಯೊಳಗೆ ಎಳೆಯಬೇಡಿ. ದೊಡ್ಡ ಮಳೆಯಲ್ಲಿ ಮಡಿ ತುಂಬಿ ಇಂಗಿದರೆ ಉಪ್ಪು ಕೆಳಕ್ಕೆ ಇಳಿಯುತ್ತದೆ. ಅಂಥ ನೀರಿಗೆ ಹುರುಳಿಕಾಯಿ, ಕ್ಯಾರೆಟ್, ಈರುಳ್ಳಿ ಒಗ್ಗುವುದಿಲ್ಲ. ಬೀಟ್‌ರೂಟ್, ಪಾಲಕ್ ತಡೆದುಕೊಳ್ಳುತ್ತವೆ. ನೀರು ಮತ್ತು ಮಣ್ಣಿನ ಪರೀಕ್ಷೆಯ ಬಗ್ಗೆ ಹಿರಿಯೂರಿನ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಅಂಚೂ ಒಂದು ಹೊಲ

ಮೇಲೆ ಹೇಳಿದ ಮಡಿಯ ಸುತ್ತಳತೆ 28 ಅಡಿ. ನೀರು ಸಿಹಿಯಾಗಿದ್ದು, ನಾಲ್ಕು ಅಂಗುಲಕ್ಕೊಂದು ಈರುಳ್ಳಿ ಸಸಿ ಇಟ್ಟರೆ, ಕೋಡಿಯ ಜಾಗ ಬಿಟ್ಟೂ 80 ಗಡ್ಡೆ ಸಿಗುತ್ತದೆ. ಮಡಿಯೊಳಗಿನ ಒಂದು ಅಂಗುಲ ಜಾಗವೂ ಇದಕ್ಕೆ ಬೇಕಿಲ್ಲ. ಈರುಳ್ಳಿ ಬೇಡವೆಂದರೆ ಬೆಳ್ಳುಳ್ಳಿ, ಮೂಲಂಗಿ, ಕೊತ್ತಂಬರಿ ಹಾಕಿ. ಬೇರು ಹರಡಿದಷ್ಟೂ ಬದು ಗಟ್ಟಿಯಾಗುತ್ತದೆ. ಆದರೆ ಮೂಲಂಗಿ, ಬೆಳ್ಳುಳ್ಳಿ ಕಿತ್ತ ಮೇಲೆ ಉಳಿಯುವ ಗುಣಿಯನ್ನು ಆಗಲೇ ಮಣ್ಣು ತುಂಬಿ ಒತ್ತಬೇಕು. ಬಿಟ್ಟರೆ ಅದೇ ತೂಬಾಗುತ್ತದೆ.

ಟೊಮೇಟೊ ಮಡಿಯ ಅಂಚಿಗೆ ಚೆಂಡುಹೂ ನೆಡಿ. ಕಾಯಿಕೊರಕದ ಚಿಟ್ಟೆ ಚೆಂಡುಹೂವಿಗೆ ಮರುಳಾಗಿ ಅಲ್ಲಿ ಮೊಟ್ಟೆ ಇಡುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೊಲದಲ್ಲಿ 16 ಸಾಲು ಟೊಮೇಟೊಗೆ ಒಂದು ಸಾಲು ಚೆಂಡುಹೂ ಎಂದು ಹೇಳಿದ್ದಾರೆ. ನೆಡುವ ದಿನ ಟೊಮೇಟೊ ಸಸಿಗೆ 25 ದಿನ, ಚೆಂಡುಹೂ ಸಸಿಗೆ 40 ದಿನ ಆಗಿರಬೇಕು. ಆಗ ಎರಡೂ ಒಟ್ಟಿಗೆ ಹೂ ಬಿಡುತ್ತವೆ. ಕೋಸಿನ ಮಡಿಗೆ ಇದೇ ರೀತಿ ಸಾಸಿವೆ. ಎಲೆ ತಿನ್ನುವ ವಜ್ರಬೆನ್ನಿನ ಪತಂಗವನ್ನು ಸಾಸಿವೆ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಕೋಸು ನೆಡುವ 15 ದಿನ ಮೊದಲೇ ಸಾಸಿವೆ ಬಿತ್ತಿರಬೇಕು. ಅಂಚಿನ ಗಿಡದ ಹುಳುವನ್ನು ದಿನವೂ ನೋಡಿ ಆರಿಸಿ ತೆಗೆಯುವುದನ್ನು ಮಾತ್ರ ಮರೆಯಬಾರದು. ಇಲ್ಲವಾದರೆ ಹುಳುವಿಗೆ ನಾವೇ ಅಡುಗೆ ಮಾಡಿ ಬಡಿಸಿದಂತಾಗುತ್ತದೆ.

ಇನ್ನು ಆಷಾಢದ ಗಾಳಿ. ದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆ ಗಾಳಿ ಪಡುವಣ ದಿಕ್ಕಿನಿಂದ ಬೀಸಿ ಎಳೆಯ ಸಸಿಯ ಕತ್ತು ತಿರುಚುತ್ತದೆ, ಮಡಿಯ ಹಸಿಯನ್ನೂ ಹೀರುತ್ತದೆ. ಸಸಿ ನೆಡುವುದಕ್ಕೆ ಮೂರು ವಾರ ಮೊದಲೇ ಕೈತೋಟದ ಪಶ್ಚಿಮದ ಅಂಚಿಗೆ ಎರಡು ಸಾಲು ಜೋಳ ಇಲ್ಲವೇ ಮೆಕ್ಕೆಜೋಳವನ್ನು ಒತ್ತಾಗಿ ಬಿತ್ತಿ. ಗಾಳಿಯನ್ನೂ ತಡೆಯುತ್ತದೆ, ಮಧ್ಯಾಹ್ನದ ಬಿಸಿಲಿಗೂ ಮರೆಯಾಗುತ್ತದೆ. ಹೀರೆ, ಅವರೆಯ ಚಪ್ಪರ ಉತ್ತರದ ಅಂಚಿಗಿರಲಿ. ದಕ್ಷಿಣಕ್ಕೆ ಹಾಕಿದರೆ ಚಳಿಗಾಲದಲ್ಲಿ ಮಡಿಗೆಲ್ಲ ನೆರಳು ಬೀಳುತ್ತದೆ.

ಇಡೀ ಕೈತೋಟದ ಕೆಳಗಿನ ಅಂಚಿಗೆ, ನೀರು ಹೊರಬೀಳುವ ಕಡೆ, ಒಂದು ಸಾಲು ಲಾವಂಚ ಹಾಕಿ. ಅದರ ಬೇರು ನೇರವಾಗಿ ಆಳಕ್ಕೆ ಇಳಿಯುತ್ತದೆಯೇ ಹೊರತು ಪಕ್ಕಕ್ಕೆ ಹರಿದು ಮಡಿಗೆ ನುಗ್ಗುವುದಿಲ್ಲ. ಕೊಚ್ಚಿ ಬಂದ ಮಣ್ಣು ಅಲ್ಲೇ ತಂಗುತ್ತದೆ. ಗರಿಕೆಯನ್ನು ಮಾತ್ರ ಬದು ಕಾಯಲು ನೇಮಿಸಬೇಡಿ. ಹೊಲದ ದೊಡ್ಡ ಬದುವಿಗೆ ಅದು ಸರಿಯಿರಬಹುದು. ತರಕಾರಿ ಮಡಿಗೆ ಬಂದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಬಚ್ಚಲ ನೀರು

ಬಚ್ಚಲ ನೀರನ್ನು ಬಿಡುವವರು ನೇರವಾಗಿ ಸೊಪ್ಪಿನ ಮಡಿಗೆ ಬಿಡಬಾರದು. ಜಲ್ಲಿ, ಮರಳು ತುಂಬಿದ ಸಣ್ಣ ಗುಂಡಿಯಲ್ಲಿ ಹಾಯಿಸಿ, ಮೊದಲು ಕೆಸುವು, ಬಾಳೆ, ಕರಿಬೇವು, ನುಗ್ಗೆಯ ಪಾತಿಗೆ ಕೊಡಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಗೆ ಆ ನೀರು ಬೇಡ. ಬಚ್ಚಲ ಕಡೆಯ ಮಡಿಯ ಬದುವನ್ನು ಉಳಿದವಕ್ಕಿಂತ ಎರಡು ಅಂಗುಲ ಎತ್ತರಿಸಿದರೆ, ಹೆಚ್ಚು ನೀರು ಬಂದ ದಿನವೂ ಸೊಪ್ಪಿನ ಮಡಿಗೆ ನುಗ್ಗುವುದಿಲ್ಲ.

ಎಚ್ಚರಿಕೆಯ ಮಾತು

ಕಲ್ಲಿನ ಸಂದಿ ಚೇಳಿಗೆ ಇಷ್ಟವಾದ ಜಾಗ. ನೆನೆದ ಸಿಪ್ಪೆಯ ಅಡಿಯಲ್ಲಿ ಬಸವನಹುಳು ಹಗಲೆಲ್ಲ ಅಡಗಿದ್ದು ರಾತ್ರಿ ಸಸಿ ಮೇಯುತ್ತದೆ. ಇಲಿ ಬಿಲ ತೋಡಿದರೆ ಅದರ ಹಿಂದೆ ಹಾವೂ ಬರುತ್ತದೆ. ಆದ್ದರಿಂದ ಕಲ್ಲಿನ ಸಂದಿಗಳನ್ನು ಮಣ್ಣಿನಿಂದ ಮೆತ್ತಿ ಮುಚ್ಚಿ. ಅಂಚಿನ ಕಲ್ಲು, ಸಿಪ್ಪೆ ಎತ್ತುವಾಗ ಬರಿಗೈ ಹಾಕದೆ ಕೋಲಿನಿಂದ ಸರಿಸಿ ನೋಡಿ. ಕತ್ತಲಾದ ಮೇಲೆ ಬ್ಯಾಟರಿ ಇಲ್ಲದೆ, ಕಾಲಿಗೆ ಮೆಟ್ಟು ಇಲ್ಲದೆ ಮಡಿಯ ಕಡೆ ಮಕ್ಕಳನ್ನು ಕಳಿಸಬೇಡಿ. ಹಾವು ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ಮಂತ್ರ ಹಾಕಿಸುವುದು ಎಂದು ಹೊತ್ತು ಕಳೆಯದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಚಿಕ್ಕ ಮಕ್ಕಳಿಗೆ ಚೇಳು ಕುಟುಕಿದರೂ ಹಾಗೆಯೇ.

ವರ್ಷದ ಕೆಲಸ

ಬದುವನ್ನು ಒಮ್ಮೆ ಕಟ್ಟಿ ಮರೆಯುವಂತಿಲ್ಲ. ರೋಹಿಣಿ ಮಳೆಗೆ ಮುಂಚೆ ಬಿರುಕು, ಇಲಿಬಿಲ ಮುಚ್ಚಿ, ಕೋಡಿಯ ಕಲ್ಲು ಸರಿಪಡಿಸಿ. ಆಷಾಢದಲ್ಲಿ ಗಾಳಿಮರೆ ನೋಡಿಕೊಳ್ಳಿ. ಉತ್ತರೆ, ಹಸ್ತ ಮಳೆಗಳ ಕಾಲದಲ್ಲಿ ಕೋಡಿಗೆ ತರಗೆಲೆ ಕಟ್ಟಿಕೊಳ್ಳದಂತೆ ವಾರಕ್ಕೊಮ್ಮೆ ತೆಗೆಯಿರಿ. ಸ್ವಾತಿ ಮಳೆ ಕಳೆದ ಮೇಲೆ ಎರೆ ನೆಲದವರು ಏರು ಮಡಿಗಳನ್ನು ಮತ್ತೆ ತಗ್ಗು ಮಡಿ ಮಾಡಿಕೊಳ್ಳಬಹುದು. ಸಂಕ್ರಾಂತಿಯಿಂದ ಯುಗಾದಿಯವರೆಗೆ ಬದುವನ್ನು ಒಣಹುಲ್ಲು, ಗರಿ, ಹಾಳೆಯಿಂದ ಮುಚ್ಚಿಡಿ.

ಒಂದು ಮಡಿಗೆ ಸರಿಯಾದ ಅಂಚು ಕಟ್ಟಲು ಒಬ್ಬನಿಗೆ ಅರ್ಧ ದಿನ ಬೇಕಾದೀತು. ಐದೂ ಮಡಿಗಳನ್ನು ಒಮ್ಮೆಗೇ ಕೆದಕಬೇಡಿ. ಮೊದಲು ಒಂದಕ್ಕೆ ಮಾಡಿ. ಪಕ್ಕದ ಮಡಿ ಹಳೆಯ ರೀತಿಯಲ್ಲೇ ಇರಲಿ. ಎರಡಕ್ಕೂ ಒಂದೇ ಸೊಪ್ಪಿನ ಬೀಜ ಹಾಕಿ, ಯಾವುದಕ್ಕೆ ಎಷ್ಟು ಕೊಡ ಹಿಡಿಯಿತು ಎಂದು ಒಂದು ತಿಂಗಳು ಗೋಡೆಯ ಮೇಲೆ ಗೀಟು ಹಾಕಿ ಲೆಕ್ಕವಿಡಿ. ಲೆಕ್ಕವನ್ನು ನೀರು ಹೊರುವವರ ಕೈಯಲ್ಲೇ ಹಾಕಿಸಿ. ಉಳಿದ ನಾಲ್ಕು ಮಡಿಗಳಿಗೆ ಅಂಚು ಕಟ್ಟಬೇಕೋ ಬೇಡವೋ ಎಂಬುದನ್ನು ಆ ತಿಂಗಳ ಕೊನೆಗೆ ಅವರೇ ಹೇಳುತ್ತಾರೆ.